ಹಂಗೇರಿಯ ಭಾಮೈದ

ಲಾಶೇತಿ
೨೧ ಫೆಬ್ರವರಿ ೧೯೯೦

ಭಾಮೈದ ಪ್ಲಾತೊನ್‌ಗೆ ಭಾವ ದೊಮೆಂತಿ ಬರೆಯುವ ಕಾಗದ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಕ್ಕ ಮಾಕ್ವಾಲಾ ಬೆಳಗ್ಗೆ ಎದ್ದಾಗಿನಿಂದ ನನ್ನನ್ನು ಬೈಯುತ್ತಿದ್ದಾಳೆ ಎಂದ ಮೇಲೆ ಅವಳ ಆರೋಗ್ಯದ ಬಗ್ಗೆ ಬೇರೆ ಹೇಳಬೇಕಿಲ್ಲ. ನಿನ್ನಿಂದ ಒಂದು ಸಾಲು ಬರದೆ ತಿಂಗಳುಗಟ್ಟಲೆ ಆಯಿತು. ಉಕ್ಕಿನ ಊರು ಸೇರಿದವರ ಕೈಗೂ ತುಕ್ಕು ಹಿಡಿಯುತ್ತದೆಯೋ ಏನೋ.

ಸುದ್ದಿ ದೊಡ್ಡದು, ಕೂತು ಓದು. ಜಾರ್ಜಿಯಾದವರು ಮಾಸ್ಕೋದ ಲೀಗನ್ನು ಬಿಟ್ಟು ತಮ್ಮದೇ ಲೀಗ್ ಕಟ್ಟುತ್ತಿರುವುದನ್ನು ಪೇಪರಿನಲ್ಲಿ ನೋಡಿರುತ್ತೀ. ದೊಡ್ಡ ತಂಡಗಳು ಬೆರಳೆಣಿಕೆಯಷ್ಟು. ಪಂಕ್ತಿ ತುಂಬಬೇಕಲ್ಲ, ಸಣ್ಣ ಊರುಗಳನ್ನೂ ಕರೆದರು. ನಮ್ಮೂರಿನ ಇಸಾರಿ ತಂಡಕ್ಕೂ ಎಲೆ ಬಿತ್ತು! ನಿನ್ನೆಯವರೆಗೆ ಚಹಾ ಕಾರ್ಖಾನೆಯಲ್ಲಿ ಎಲೆ ಒಣಗಿಸುತ್ತಿದ್ದ ಹುಡುಗರು ಇವತ್ತಿನಿಂದ ವೃತ್ತಿಪರ ಆಟಗಾರರು. ಎಲೆ ಒಣಗಿಸುವುದನ್ನೇನೂ ಬಿಟ್ಟಿಲ್ಲ, ಆದರೆ ಒಣಗಿಸುವಾಗ ಮುಖವನ್ನು ಬೇರೆ ಥರ ಇಟ್ಟುಕೊಳ್ಳುತ್ತಾರೆ.

ಏಪ್ರಿಲ್ ಏಳಕ್ಕೆ ನಮ್ಮ ಮೈದಾನದಲ್ಲೇ ಮೊದಲ ಆಟ. ಅವತ್ತು ಹಳೆಯ ಆಟಗಾರನೊಬ್ಬ ಮಧ್ಯಕ್ಕೆ ಬಂದು ಮೊದಲ ಕಿಕ್ ಹೊಡೆದು ಶುರು ಮಾಡಿಕೊಡಬೇಕು ಎಂದು ಕ್ಲಬ್ಬಿನ ಅಧ್ಯಕ್ಷ ಎರ್ಮಿಲೆ ಸಭೆ ಕರೆದ. ಅದೇ ಚಹಾ ಕಾರ್ಖಾನೆಯ ಮ್ಯಾನೇಜರ್ ಎರ್ಮಿಲೆ, ಈಗ ಎರಡೂ ಕುರ್ಚಿ ಅವನದೇ. 'ಯಾರನ್ನ ಕರೆಯೋಣ?' ಎಂದು ಅವನು ಕೇಳಿದಾಗ ನಾನು ವಿನಯಕ್ಕೆ ತಲೆ ಬಗ್ಗಿಸಿ ಕೂತೆ. ತಲೆ ಎತ್ತುವಷ್ಟರಲ್ಲಿ ಎಲ್ಲರೂ ನಿನ್ನ ಹೆಸರಿಗೆ ಕೈ ಎತ್ತಿ ಆಗಿತ್ತು.

ಇರಲಿ. ನೀನು ಊರು ಬಿಟ್ಟು ರುಸ್ತಾವಿಗೆ ಹೋದ ಮೇಲೆ ಆ ಮೈದಾನದ ಹುಲ್ಲು ಕತ್ತರಿಸಿದವನು ಯಾರು, ಎಮ್ಮೆ ಓಡಿಸಿದವನು ಯಾರು, ಗೋಲಿನ ಕಂಬಕ್ಕೆ ಸುಣ್ಣ ಬಳಿದವನು ಯಾರು ಎಂದು ನಾನು ಕೇಳಲಿಲ್ಲ. ಕೇಳುವ ಜಾತಿಯೇ ನಾನಲ್ಲ. ಮೇಲಾಗಿ ಆಹ್ವಾನ ಬರೆಯುವ ಕೆಲಸವನ್ನೂ ನನಗೇ ಹಚ್ಚಿದರು. 'ನಿಮ್ಮಿಬ್ಬರದೂ ಭಾವ-ಭಾಮೈದ ನಂಟು, ನೀನು ಕರೆದ್ರೆ ಇಲ್ಲ ಅನ್ನಲ್ಲ' ಅಂದ ಎರ್ಮಿಲೆ.

ಆದ್ದರಿಂದ ಕರೆದಿದ್ದೇನೆ. ಬಾ.

ಆದರೆ ಭಾವನಾದವನು ಸತ್ಯವನ್ನೂ ಹೇಳಬೇಕು. ಘಾಟಿಯಲ್ಲಿ ಹಿಮ ಇನ್ನೂ ಕರಗಿಲ್ಲ. ರೈಲು ಎಲ್ಲೆಂದರಲ್ಲಿ ನಿಲ್ಲುತ್ತದೆ, ಒಳಗೆ ಕಿಟಕಿಗೆ ಗಾಜಿಲ್ಲ. ಇಳಿದ ಮೇಲಿನ ಬಸ್ಸಿನ ಕಥೆ ಕೇಳಬೇಡ. ಅದರ ಡ್ರೈವರ್ ವಾರದಲ್ಲಿ ಮೂರು ದಿನ ತನ್ನ ಬೀಗರ ಮನೆಯಲ್ಲಿರುತ್ತಾನೆ. ನಮ್ಮ ಮನೆಯ ಹಿಂದಿನ ಕೋಣೆಗೆ ಥಂಡಿ ಇಳಿದು ಗೋಡೆ ಬೆವರುತ್ತದೆ. ಎರ್ಮಿಲೆಯ ಭಾಷಣ ಉದ್ದ. ಏಪ್ರಿಲ್ ಗಾಳಿಯೋ, ನಿನ್ನ ಎದೆಗೆ ಒಗ್ಗದು. ನೀನು ಹುಷಾರು ತಪ್ಪಿದರೆ ನಿನ್ನ ಅಕ್ಕ ನನ್ನನ್ನು ಉಳಿಸುವುದಿಲ್ಲ. ಯೋಚನೆ ಮಾಡು. ಬರಲೇಬೇಕೆಂದು ಬಲವಂತವಿಲ್ಲ.

ಇನ್ನೊಂದು ಮಾತು. ಭಾಷಣಕ್ಕೆ ಕ್ಲಬ್ಬಿನ ಇತಿಹಾಸ ಬೇಕು ಎಂದು ನನ್ನನ್ನು ಕೇಳಿದರು. ಊರಲ್ಲಿ ಇತಿಹಾಸ ಗೊತ್ತಿರುವವನು ನಾನೊಬ್ಬನೇ. ಗೊತ್ತಿಲ್ಲದ್ದನ್ನು ಹೇಳಬಲ್ಲವನೂ ನಾನೊಬ್ಬನೇ. ಹೇಳಿಕೊಟ್ಟಿದ್ದೇನೆ, ನೀನೂ ನೋಡು.

ಚಹಾ ಕಾರ್ಖಾನೆ ಬಂದ ವರ್ಷವೇ ತಂಡವೂ ಬಂತು. ಅದಕ್ಕೆ ಮುಂಚೆ ನಮಗೆ ಗೊತ್ತಿದ್ದ ಚೆಂಡಾಟವೆಂದರೆ ಈಸ್ಟರ್ ದಿನದ್ದು: ಮೇಲಿನ ಕೇರಿ, ಕೆಳಗಿನ ಕೇರಿ, ಮಧ್ಯೆ ಮರಳು ತುಂಬಿದ ಚರ್ಮದ ಚೆಂಡು, ಕರುವಿನಷ್ಟು ಭಾರ. ಯಾವ ಕೇರಿಯವರು ಅದನ್ನು ಹೊತ್ತು ತಮ್ಮ ಹಳ್ಳ ಮುಟ್ಟಿಸಿದರೋ ಅವರದು ಗೆಲುವು. ಹಾಗಾಗಿ ಇಸಾರಿಯ ಮೊದಲ ಫುಟ್‌ಬಾಲ್ ಆಟದಲ್ಲಿ ಯಾರೂ ಚೆಂಡನ್ನು ಒದೆಯಲೇ ಇಲ್ಲ. ರೆಫರಿ ಸೀಟಿ ಊದಿದ. ನಮ್ಮ ಅಪ್ಪಂದಿರು ಚೆಂಡನ್ನು ಅಪ್ಪಿಕೊಂಡು ಹಳ್ಳದ ಕಡೆ ಓಡಿದರು. ಎದುರಾಳಿಗಳು ಹಿಂದೆ ಓಡಿದರು, ಅವರ ಹಿಂದೆ ನೋಡಲು ಬಂದವರೂ ಓಡಿದರು. ಪಟ್ಟಣದಿಂದ ಬಂದಿದ್ದ ರೆಫರಿ ಮೈದಾನದ ನಡುವೆ ಒಬ್ಬನೇ ನಿಂತು ಸೀಟಿ ಊದುತ್ತಾ ಅತ್ತನಂತೆ.

ಆಮೇಲೆ ಯುದ್ಧ. ಇಡೀ ತಂಡ ಒಂದೇ ಲಾರಿಯಲ್ಲಿ ಹೋಯಿತು. ಬಂದವರು ಇಬ್ಬರು, ಅದರಲ್ಲಿ ಒಬ್ಬ ಗೋಲ್ ಕೀಪರ್, ಅವನಿಗೆ ಕೈ ಇರಲಿಲ್ಲ. ಅವರು ಬಿಟ್ಟುಹೋದ ಬೂಟುಗಳು ನಮ್ಮ ಕಾಲಿಗೆ ದೊಡ್ಡವು. ಜೋಳದ ಸಿಪ್ಪೆ ತುರುಕಿಕೊಂಡು ಆಡಿದವರು ನಾವು. ಮೈದಾನ ಆಗಲೂ ಇಳಿಜಾರು, ಈಗಲೂ ಇಳಿಜಾರು. ಎರಡನೇ ಅರ್ಧದಲ್ಲಿ ಇಳಿಜಾರು ನಮ್ಮ ಕಡೆಗಿರಲಿ ಎಂದು ನಾಣ್ಯ ಚಿಮ್ಮುವ ಕಲೆಯನ್ನು ಕಲಿತವನು ನಾನು. ಇತಿಹಾಸದಲ್ಲಿ ಅದೂ ಇದೆ.

ಇನ್ನು ಅರವತ್ತೆರಡರ ಕಪ್ ಪಂದ್ಯ. ಬಂದರಿನ ದೊಡ್ಡ ತಂಡ ನಮ್ಮೂರಿಗೆ ಬಂದಿತ್ತು. ಎಡಗಡೆಯಿಂದ ನಾನು ನಾಲ್ವರನ್ನು ದಾಟಿ ಚೆಂಡನ್ನು ಗೋಲಿನ ಬಾಯಿಗೆ ತಂದುಕೊಟ್ಟೆ. ಅಲ್ಲಿ ನೀನು ಕೆಸರಲ್ಲಿ ಜಾರಿ ಬಿದ್ದೆ. ಚೆಂಡು ನಿನ್ನ ಮೊಣಕಾಲಿಗೆ ಬಡಿದು ಒಳಗೆ ಹೋಯಿತು. ಅಲ್ಲಿ ಹೋರಿ ನಿಂತಿದ್ದರೂ ಗೋಲಾಗುತ್ತಿತ್ತು. ಅವತ್ತು ಊರು ನಿನ್ನನ್ನು ಹೆಗಲ ಮೇಲೆ ಹೊತ್ತಿತು, ಇವತ್ತಿನವರೆಗೆ ಇಳಿಸಿಲ್ಲ. ನಾನು ಸತ್ಯವನ್ನಷ್ಟೇ ಬರೆಸಿದ್ದೇನೆ. ಬೇಜಾರಿಲ್ಲ ತಾನೇ?

ಭಾವ,
ದೊಮೆಂತಿ


ರುಸ್ತಾವಿ
೨ ಮಾರ್ಚ್ ೧೯೯೦

ಪ್ರೀತಿಯ ಭಾವ,

ನಿಮ್ಮ ಕಾಗದವನ್ನು ಮೂರು ನಾಲ್ಕು ಸಲ ಓದಿದೆ. ಹಿಮ, ರೈಲಿನ ಕಿಟಕಿ, ನನ್ನ ಎದೆ ಎಲ್ಲವನ್ನೂ ನೆನಪಿಟ್ಟು ಬರೆದಿದ್ದೀರಿ. ನನ್ನ ಬಗ್ಗೆ ಇಷ್ಟು ಕಾಳಜಿ ಇಟ್ಟುಕೊಂಡಿದ್ದೀರಿ ಎಂದು ಗೊತ್ತಿರಲಿಲ್ಲ. ನನ್ನ ಹೆಂಡತಿ ಹೋದ ಮೇಲೆ ಹೀಗೆ ಯಾರೂ ಬರೆದಿರಲಿಲ್ಲ.

ಇತಿಹಾಸ ಸರಿಯಾಗಿದೆ. ನಾನು ಜಾರಿ ಬಿದ್ದದ್ದು ನಿಜ.

ನೀವು ಹೇಳಿದ ಹಾಗೆ ಪ್ರಯಾಣ ಕಷ್ಟ, ಬರಲು ಆಗುವುದಿಲ್ಲ. ಮೊದಲ ಕಿಕ್ ನೀವೇ ಹೊಡೆಯಿರಿ ಭಾವ. ನಾನು ಹೇಳಿದೆ ಎಂದು ಎರ್ಮಿಲೆಗೆ ತಿಳಿಸಿ. ಅಕ್ಕನಿಗೆ ನಮಸ್ಕಾರ.

ನಿಮ್ಮ
ಪ್ಲಾತೊನ್


ಲಾಶೇತಿ
೮ ಮಾರ್ಚ್ ೧೯೯೦

ಪ್ಲಾತೊನ್,

ಇವತ್ತು ಹೆಂಗಸರ ದಿನ. ನಿನ್ನ ಅಕ್ಕನಿಗೆ ಹಳದಿ ಮಿಮೋಸಾ ಹೂವು ತಂದುಕೊಟ್ಟೆ. ಅವಳು ಹೂವನ್ನು ಒಂದು ಕೈಯಲ್ಲಿ, ನಿನ್ನ ಕಾಗದವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, 'ನೋಡು, ನನ್ ತಮ್ಮನ ಮನಸ್ಸು ಎಷ್ಟು ದೊಡ್ಡದು! ಬಂದ ಮರ್ಯಾದೆನ ನಿಂಗೆ ಬಿಟ್ಕೊಟ್ಟಿದಾನೆ' ಅಂದಳು. ಹೂವಿನ ಕಡೆ ನೋಡಲೂ ಇಲ್ಲ.

ಬಿಟ್ಟುಕೊಟ್ಟೆಯಾ? ಯಾರಪ್ಪನ ಮನೆಯದನ್ನು? ನಿನ್ನ ತಟ್ಟೆಯಲ್ಲಿ ಮಿಕ್ಕದ್ದನ್ನು ತಿನ್ನಲು ನಾನು ನಿನ್ನ ಮನೆಯ ನಾಯಿಯೇ? ಕೊಟ್ಟರೆ ಊರು ಕೊಡಬೇಕು. ಎಂಜಲು ನನಗೆ ಬೇಡ.

ಇನ್ನು ಆ 'ಜಾರಿ ಬಿದ್ದದ್ದು ನಿಜ' ಎಂಬ ಮಾತು! ಒಂದು ಸಲವಾದರೂ 'ಇಲ್ಲ ಭಾವ, ನಾನು ಬೇಕೆಂದೇ ಹೊಡೆದೆ' ಎಂದು ಜಗಳಕ್ಕೆ ಬರಬಾರದೇ? ಇಪ್ಪತ್ತೆಂಟು ವರ್ಷದಿಂದ ತೋಳೇರಿಸಿಕೊಂಡು ಕಾಯುತ್ತಿದ್ದೇನೆ. ನೀನು ಒಪ್ಪಿಕೊಂಡುಬಿಡುತ್ತೀ. ಒಪ್ಪಿಕೊಂಡೇ ದೊಡ್ಡವನಾಗುತ್ತೀ. ನಾನು ನಿಜ ಹೇಳಿ ಸಣ್ಣವನಾಗುತ್ತೇನೆ. ಈ ವಿದ್ಯೆಯನ್ನು ಯಾವ ಶಾಲೆಯಲ್ಲಿ ಕಲಿತೆ?

ನನಗೆ ಹೊಟ್ಟೆಕಿಚ್ಚು ಎನ್ನುತ್ತಾಳೆ ಮಾಕ್ವಾಲಾ. ಯಾಕೆ ಹೊಟ್ಟೆಕಿಚ್ಚು ಬರಬೇಕು? ಇಲ್ಲಿ ಸಣ್ಣ ಮಕ್ಕಳಿಂದ ಮುದುಕರವರೆಗೆ ನನ್ನನ್ನು 'ದೊಮೆಂತಿ ಮಾವ' ಎನ್ನುತ್ತಾರೆ. ಮದುವೆ ಇರಲಿ, ಸಾವಿರಲಿ, ಊಟದ ಮೇಜಿಗೆ ತಮಾದಾ ನಾನೇ. ನಾನು ಲೋಟ ಎತ್ತದೆ ಯಾರೂ ಗುಟುಕು ಇಳಿಸುವ ಹಾಗಿಲ್ಲ. ಆದರೂ ಕ್ಲಬ್ಬಿನ ಗೋಡೆಯ ಮೇಲೆ ತೂಗುಹಾಕಿರುವುದು ನಿನ್ನ ಫೋಟೋ. ಆ ಫೋಟೋದ ಎಡತುದಿಯಲ್ಲಿ ಒಂದು ಮೊಣಕೈ ಕಾಣುತ್ತದಲ್ಲ, ಅದು ನನ್ನದು.

ನೀನು ಬರಲೇಬೇಕು. ಬಂದು, ಊರಿನವರ ಮುಂದೆ ಒದೆಯಬೇಕು, ಅದು ಎಷ್ಟು ಕೆಟ್ಟದಾಗಿ ಹೋಗುತ್ತದೆ ಎಂದು ಎಲ್ಲರೂ ನೋಡಬೇಕು. ಹಿಮ ಕರಗಿದೆ. ರೈಲು ಚೆನ್ನಾಗಿದೆ. ಹಿಂದಿನ ಕೋಣೆಯಲ್ಲಿ ಒಲೆ ಹಾಕಿಸಿದ್ದೇನೆ. ನಿನ್ನನ್ನು ಎಳೆದುಕೊಂಡು ಬರಲಿ ಎಂದು ಮಾಕ್ವಾಲಾಳನ್ನೇ ಕಳಿಸುತ್ತಿದ್ದೇನೆ. ಅವಳ ಚೀಲದಲ್ಲಿ ಗಿಣ್ಣು, ದ್ರಾಕ್ಷಿರಸದಲ್ಲಿ ಅದ್ದಿದ ವಾಲ್ನಟ್ ಸರ, ನಮ್ಮ ಕಪ್ಪು ದ್ರಾಕ್ಷಿಯ ವೈನ್ ಇವೆ. ವೈನ್ ನನ್ನದು, ಸರಿಯಾಗಿ ಹೊಗಳು.

ದೊಮೆಂತಿ


ರುಸ್ತಾವಿ
೧೯ ಮಾರ್ಚ್ ೧೯೯೦

ಭಾವ,

ಅಕ್ಕ ನಿನ್ನೆ ಹೊರಟಳು. ಈ ಕಾಗದಕ್ಕಿಂತ ಮುಂಚೆ ಅವಳೇ ಮನೆ ಸೇರಿರುತ್ತಾಳೆ, ಆದರೆ ಅವಳು ಹೇಳಿರುವುದಿಲ್ಲ. ನಾನೇ ಬರೆಯುತ್ತೇನೆ ಎಂದು ಮಾತು ತೆಗೆದುಕೊಂಡಿದ್ದೇನೆ.

ಸಕ್ಕರೆ ಕಾಯಿಲೆ ನನಗೆ ಬಹಳ ದಿನದಿಂದ ಇತ್ತು. ಬೇಸಿಗೆಯಲ್ಲಿ ಹೆಬ್ಬೆರಳಿಗೆ ಗಾಯವಾಯಿತು, ವಾಸಿಯಾಗಲಿಲ್ಲ. ಶರತ್ಕಾಲದಲ್ಲಿ ಬಲಗಾಲನ್ನು ತೆಗೆದರು. ನಿಮ್ಮ ಇತಿಹಾಸದಲ್ಲಿ ಬರುವ ಮೊಣಕಾಲು ಉಳಿದಿದೆ ಭಾವ, ಅದರ ಕೆಳಗಿನದು ಇಲ್ಲ. ನಾನಿರುವುದು ನಾಲ್ಕನೇ ಮಹಡಿಯಲ್ಲಿ, ಲಿಫ್ಟ್ ಕೆಟ್ಟಿದೆ. ಆಸ್ಪತ್ರೆಯಿಂದ ಹೊತ್ತು ಹತ್ತಿಸಿದ ಮೇಲೆ ಕೆಳಗಿಳಿದಿಲ್ಲ. ಪಕ್ಕದ ಮನೆಯವರು ಒಳ್ಳೆಯವರು, ರೊಟ್ಟಿ ತಂದುಕೊಡುತ್ತಾರೆ.

ಅಕ್ಕ ಬಾಗಿಲಲ್ಲಿ ನಿಂತವಳು ಮೊದಲು ಬೈದಳು, ಆಮೇಲೆ ಅತ್ತಳು, ಆಮೇಲೆ ಮನೆಯನ್ನೆಲ್ಲ ತೊಳೆದಳು. 'ನಿಮ್ ಭಾವಂಗೆ ಗೊತ್ತಾದ್ರೆ...' ಎಂದಳು.

ಒಂದು ಬೇಡಿಕೆ. ಊರಲ್ಲಿ ಯಾರಿಗೂ ಹೇಳಬೇಡಿ. ಲಾಶೇತಿಯವರ ಕಣ್ಣಿನಲ್ಲಿ ನಾನು ಇನ್ನೂ ಓಡುತ್ತಿದ್ದೇನೆ, ಹಾಗೇ ಓಡುತ್ತಿರಲಿ. ಯಾಕೆ ಬರಲಿಲ್ಲ ಎಂದು ಕೇಳಿದರೆ ಪ್ಲಾತೊನ್‌ಗೆ ಸೊಕ್ಕು ಬಂತು, ಊರನ್ನು ಮರೆತ ಎಂದುಬಿಡಿ. ಅವರು ನಂಬುತ್ತಾರೆ. ನೀವು ಅದನ್ನು ಚೆನ್ನಾಗಿ ಹೇಳಬಲ್ಲಿರಿ.

ವೈನ್ ಕುಡಿಯುವ ಹಾಗಿಲ್ಲ. ಮುಚ್ಚಳ ತೆಗೆದು ವಾಸನೆ ನೋಡಿದೆ. ಚೆನ್ನಾಗಿದೆ.

ಪ್ಲಾತೊನ್


ಲಾಶೇತಿ
೨೭ ಮಾರ್ಚ್ ೧೯೯೦

ಪ್ಲಾತೊನ್,

ಕಾಗದ ಬಂತು. ಆ ವಿಷಯಕ್ಕೆ ಉತ್ತರ ಬರೆಯಲು ನನಗೆ ಬರುವುದಿಲ್ಲ, ನಮ್ಮೂರ ಶಾಲೆಯಲ್ಲಿ ಅಷ್ಟು ಕಲಿಸಲಿಲ್ಲ. ನಿನ್ನ ನೋವು ನನಗೆ ಬರಲಿ ಎಂಬ ಮಾತನ್ನು ದಿನಕ್ಕೆ ನೂರು ಸಲ ಆಡುತ್ತೇನೆ, ಮೂಲಂಗಿ ಮಾರುವವನಿಗೂ ಆಡುತ್ತೇನೆ. ನಿನಗೆ ಬರೆಯಹೋದರೆ ಕೈ ನಿಂತಿತು.

ಮಾಕ್ವಾಲಾ ನಿನ್ನಲ್ಲಿಂದ ಬಂದು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ನಿನಗೆ ಹುಷಾರಿಲ್ಲ ಎಂದುಕೊಳ್ಳಲಿಲ್ಲ ನಾನು; ನೀನು ಹೊಸ ಮದುವೆ ಗಿದುವೆ ಮಾಡಿಕೊಂಡಿದ್ದೀಯ ಎಂದುಕೊಂಡು ಎರಡು ದಿನ ಹೊಟ್ಟೆ ಉರಿಸಿಕೊಂಡೆ. ಹೋಗಲಿ.

ಈಗ ನಡೆದದ್ದನ್ನು ಹೇಳುತ್ತೇನೆ. ಕೋಪ ಮಾಡಿಕೊಳ್ಳುವುದಾದರೆ ಪೂರ್ತಿ ಓದಿ ಮಾಡಿಕೋ.

ಭಾನುವಾರ ಮಧ್ಯಾಹ್ನ ಎರ್ಮಿಲೆಯ ಅಂಗಳದಲ್ಲಿ ಕ್ಲಬ್ಬಿನ ಊಟ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು, ಮಾಂಸವಿಲ್ಲ. ಬೀನ್ಸ್, ವಾಲ್ನಟ್ ಚಟ್ನಿ, ಜೋಳದ ರೊಟ್ಟಿ. ವೈನಿಗೆ ಉಪವಾಸವಿಲ್ಲ. ತಮಾದಾ ನಾನೇ. ದೇವರಿಗೆ, ಊರಿಗೆ, ಯುದ್ಧದಲ್ಲಿ ಹೋದ ತಂಡಕ್ಕೆ ಲೋಟ ಎತ್ತಿ ಆಗಿತ್ತು. ಎರ್ಮಿಲೆ ಕೇಳಿದ, 'ದೊಮೆಂತಿ, ನಿನ್ ಭಾಮೈದ ಬರ್ತಾನೋ ಇಲ್ವೋ? ಪೋಸ್ಟರ್ ಬರೆಸ್ಬೇಕು.'

'ಬರಲ್ಲ' ಅಂದೆ.

'ಯಾಕಂತೆ?'

ನೀನು ಹೇಳಿಕೊಟ್ಟ ಮಾತು ನಾಲಗೆಯ ತುದಿಯಲ್ಲಿತ್ತು. ನಾನಿನ್ನೂ ಬಾಯಿ ತೆರೆದಿರಲಿಲ್ಲ, ಕಟುಕ ಕಾರ್ಲೋ ಶುರು ಮಾಡಿದ: 'ಯಾಕೆ ಅಂದ್ರೆ ಏನ್ ಹೇಳ್ತಾನೆ? ಸೊಕ್ಕು! ನಮ್ಮೂರ ರೊಟ್ಟಿ ತಿಂದು ಬೆಳೆದ ಕಾಲು, ಈಗ ಈ ಕಡೆ ಬರೋಕೆ ನೋವಾಗತ್ತೆ.' ಮೇಷ್ಟ್ರು ಸಿಲೊವನ್ ದನಿಗೂಡಿಸಿದರು: 'ಊರಿಗಿಂತ ದೊಡ್ಡವನಾದ್ನಪ್ಪ. ಆ ಫೋಟೋ ಇಳ್ಸಿ ಕಾರ್ಖಾನೆ ಗಡಿಯಾರ ಹಾಕಿ ಅಲ್ಲಿಗೆ.'

ಪ್ಲಾತೊನ್, ನಿಜ ಹೇಳುತ್ತೇನೆ. ಇಷ್ಟು ವರ್ಷ ಈ ಮಾತುಗಳನ್ನು ಕೇಳಬೇಕೆಂದು ಕಿವಿ ತೆರೆದುಕೊಂಡು ಕೂತವನು ನಾನು. ನನಗೆ ಹಬ್ಬವಾಗಬೇಕಿತ್ತು. ಆದರೆ ಬಾಯಲ್ಲಿದ್ದ ವೈನ್ ಹುಳಿಯಾಯಿತು. ನಿನ್ನನ್ನು ಬೈಯುವುದು ನನ್ನ ಕೆಲಸ. ಕಾರ್ಲೋ ಯಾರು? ಅವನು ನಿನ್ನ ಪಕ್ಕ ಎಂದಾದರೂ ಆಡಿದ್ದನೇ? ಬೆಂಚಿನ ಮೇಲೆ ಕೂತು ನೀರು ಕೊಡುತ್ತಿದ್ದವನು!

ನಾನು ಎದ್ದೆ. 'ಕೊಂಬು ತುಂಬಿಸ್ರೋ' ಅಂದೆ. ದೊಡ್ಡ ಕೊಂಬು, ಎರ್ಮಿಲೆಯ ತಾತನದು. 'ಇಲ್ಲಿ ಇಲ್ಲದವನ ಹೆಸರಿಗೆ' ಅಂದೆ. ತುಂಬಿದ ಕೊಂಬನ್ನು ಖಾಲಿ ಮಾಡದೆ ಕೆಳಗಿಡಲು ಬರುವುದಿಲ್ಲ, ಎದ್ದು ನಿಂತು ಎತ್ತಿದ ಮೇಲೆ ಹೊಗಳದೆ ಕುಡಿಯುವಂತಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಕಾಲಿನ ವಿಷಯ ಹೇಳಬಾರದು. ಸೊಕ್ಕಿನ ವಿಷಯ ಹೇಳಲಾರೆ. ಎದುರಿಗೆ ಮೇಜಿನ ಮೇಲೆ ಬಟಾಣಿಯ ಡಬ್ಬಿ ಇತ್ತು. ಆ ಹಂಗೇರಿ ದೇಶದ ಬಟಾಣಿ, ಕಾರ್ಖಾನೆಯ ಅಂಗಡಿಯಲ್ಲಿ ಬರುತ್ತದಲ್ಲ, ಅದು.

'ಪ್ಲಾತೊನ್ ಹಂಗೇರೀಲಿದಾನೆ' ಅಂದೆ.

ಕಾರ್ಲೋ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

'ಹಂಗೇರಿಯವರು ಅವನನ್ನ ಕರ್ಸ್ಕೊಂಡಿದಾರೆ, ಅವರ ಹುಡುಗರಿಗೆ ಆಟ ಕಲ್ಸೋಕೆ. ಅರವತ್ತೆರಡರ ಗೋಲಿನ ಸುದ್ದಿ ಅಲ್ಲೀತನಕ ಹೋಗಿದೆ. ನಾನು ಯಾಕೆ ಹೇಳ್ಲಿಲ್ಲ ಅಂದ್ರೆ ಅವನು ಹೇಳ್ಬೇಡ ಅಂದಿದ್ದ. ಅಷ್ಟು ವಿನಯ ಅವನಿಗೆ!' ಎಂದು ಕೊಂಬನ್ನು ಎತ್ತಿ ಕುಡಿದೆ. ಕುಡಿದು 'ಅಲಾವೆರ್ದಿ!' ಎಂದು ಅದನ್ನು ಎರ್ಮಿಲೆಗೆ ದಾಟಿಸಿದೆ.

ತಪ್ಪಾದದ್ದು ಅಲ್ಲಿ. ಹಾಗೆ ದಾಟಿಸಿದ ಮೇಲೆ ಪಡೆದವನು ಅದೇ ಮಾತನ್ನು ಹಿಡಿದು ಹಿಂದಿನವನಿಗಿಂತ ಒಂದು ಗುಲಗಂಜಿ ಹೆಚ್ಚು ಹೊಗಳಬೇಕು, ಇಲ್ಲದಿದ್ದರೆ ಅವನ ಮರ್ಯಾದೆ ಹೋಯಿತು. ಅಲ್ಲಿದ್ದವರೆಲ್ಲ ನಮ್ಮ ಗುರಿಯಾ ಸೀಮೆಯವರು, ಬಾಯಿಗೆ ಬ್ರೇಕಿಲ್ಲದವರು. ಎರ್ಮಿಲೆ ಎದ್ದು, 'ನಂಗೂ ಕಾರ್ಖಾನೆ ಕಡೆಯಿಂದ ಸುದ್ದಿ ಬಂದಿತ್ತು, ಬಾಯಿ ಬಿಟ್ಟಿರ್ಲಿಲ್ಲ' ಅಂದ. ಸಿಲೊವನ್ ಮೇಷ್ಟ್ರು ಎದ್ದು, ದಾನ್ಯೂಬ್ ನದಿಯ ದಂಡೆಯಲ್ಲಿ ನಿನ್ನ ಮೈದಾನವನ್ನು ಹಾಸಿದರು, ಸಪಾಟು ಮೈದಾನ. ಹತ್ತು ಕೈ ದಾಟಿ ಕೊಂಬು ಕಾರ್ಲೋಗೆ ಬರುವಷ್ಟರಲ್ಲಿ ನಿನ್ನ ಕೈಕೆಳಗೆ ಮೂರು ತಂಡಗಳಿದ್ದವು. ಕಾರ್ಲೋ ಕಣ್ಣು ಒರೆಸಿಕೊಂಡು, 'ಐದು ಕೋಣೆ ಮನೆ ಕೊಟ್ಟಿದಾರಂತೆ! ಬಿಳೀ ಕಾರು!' ಎಂದು ಕೂಗಿದ.

ನಾನು ತಡೆಯಲಾರದೆ, 'ಕಾರು ಬೇಡ ಕಾರ್ಲೋ, ಅವನಿಗೆ ಓಡ್ಸೋಕೆ ಬರಲ್ಲ' ಅಂದೆ.

'ಡ್ರೈವರ್ ಇದಾನೆ ಕಣಯ್ಯಾ!' ಅಂದ.

ಈಗ ನನ್ನ ಗತಿ ಕೇಳು. ಸುಳ್ಳು ನಾನೇ ಹೇಳಿದ್ದು. ನನ್ನ ಬಾಯಿಂದ, ನನ್ನ ವೈನಿನಿಂದ, ನನ್ನ ಎದುರಿಗೇ ಹುಟ್ಟಿದ್ದು. ಆದರೂ ಮನೆಗೆ ನಡೆದು ಬರುವಾಗ ಆ ಐದು ಕೋಣೆ ನೆನೆದು ಹೊಟ್ಟೆಯೊಳಗೆ ಬೆಂಕಿ ಹತ್ತಿಕೊಂಡಿತು. ನಮಗೆ ಎರಡೂವರೆ ಕೋಣೆ. ನಿನಗೆ ಡ್ರೈವರ್!

ಮಾಕ್ವಾಲಾ ಅಡುಗೆಯವರ ಜೊತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು. ಇವತ್ತು ಬೆಳಗ್ಗೆ ಬೈಯಲಿಲ್ಲ, ಗಿಣ್ಣಿನ ದೊಡ್ಡ ತುಂಡನ್ನು ನನಗೇ ಹಾಕಿದಳು. ಭಯವಾಗುತ್ತಿದೆ.

ನಿನ್ನ ಕಾಗದದ ಮೇಲೆ ರುಸ್ತಾವಿಯ ಮುದ್ರೆ ಇರುತ್ತದೆ. ಹಂಗೇರಿಯ ಅಂಚೆ ಆ ದಾರಿಯಲ್ಲೇ ಬರುವುದು ಎಂದು ಅಂಚೆಯವನಿಗೆ ಹೇಳಿದ್ದೇನೆ. ಅವನು ತಲೆ ಆಡಿಸಿದ, ಅವನಿಗೆ ಮೊದಲೇ ಗೊತ್ತಿತ್ತಂತೆ.

ದೊಮೆಂತಿ


ಲಾಶೇತಿ
೯ ಏಪ್ರಿಲ್ ೧೯೯೦

ಪ್ಲಾತೊನ್,

ನೀನು ಉತ್ತರ ಬರೆದಿಲ್ಲ. ಕೋಪ ಬಂದಿದ್ದರೆ ಸಂತೋಷ, ಕೊನೆಗೂ ಬಂತಲ್ಲ. ಆದರೂ ಆಟದ ಸುದ್ದಿ ಬರೆಯಲೇಬೇಕು, ಯಾಕೆಂದರೆ ಅದನ್ನು ಹೇಳಿಕೊಂಡು ಅಳಲು ನನಗೆ ಇನ್ನೊಬ್ಬರಿಲ್ಲ.

ಅಂ, ಹೌದು. ಮೊದಲ ಕಿಕ್ ನಾನೇ ಹೊಡೆದೆ.

ಶುಕ್ರವಾರವೇ ಬೂಟಿಗೆ ಎಣ್ಣೆ ಹಚ್ಚಿದ್ದೆ. ಮದುವೆಯ ಕೋಟನ್ನು ಇಸ್ತ್ರಿ ಮಾಡಿಸಿ, ಹೊಟ್ಟೆಯನ್ನು ಒಳಗೆಳೆದುಕೊಂಡು ಗುಂಡಿ ಹಾಕಿದೆ. ಶನಿವಾರ ಊರಿಗೆ ಊರೇ ಬಂದಿತ್ತು. ಮೇಲಿನ ಕೇರಿಯವರು ಬೇಲಿಯ ಮೇಲೆ, ಕೆಳಗಿನ ಕೇರಿಯವರು ಲಾರಿಗಳ ಮೇಲೆ. ನಮ್ಮ ಹುಡುಗರ ಬಿಳಿ ಅಂಗಿಗೆ ಹಸಿರು ಪಟ್ಟಿ, ಚಹಾ ಕೀಳುವ ಹೆಂಗಸರು ಹೊಲಿದದ್ದು. ಗೋಲ್ ಕೀಪರನ ಅಂಗಿಯ ತೋಳು ಒಂದು ಗೇಣು ಹೆಚ್ಚು ಉದ್ದವಾಗಿತ್ತು. ಎರ್ಮಿಲೆ ಇತಿಹಾಸ ಓದಿದ. ಹಳ್ಳಕ್ಕೆ ಓಡಿದ ಕಥೆಗೆ ಜನ ನಕ್ಕರು, ಯುದ್ಧದ ತಂಡಕ್ಕೆ ಟೋಪಿ ತೆಗೆದರು. ಅರವತ್ತೆರಡಕ್ಕೆ ಬಂದಾಗ ಅವನು ನಾನು ಹೇಳಿಕೊಟ್ಟದ್ದನ್ನು ಬಿಟ್ಟು ಸ್ವಂತದ್ದನ್ನು ಶುರು ಮಾಡಿದ. ನೀನು ಗಾಳಿಯಲ್ಲಿ ಹಾರಿದೆಯಂತೆ! ಕೆಸರೇ ಇರಲಿಲ್ಲವಂತೆ! ನನ್ನ ಹೆಸರಿನ ಜಾಗದಲ್ಲಿ 'ಸಹ ಆಟಗಾರರೊಬ್ಬರು' ಎಂದಿತ್ತು.

ಆಮೇಲೆ ಧ್ವನಿವರ್ಧಕದಲ್ಲಿ ಸಿಲೊವನ್ ಮೇಷ್ಟ್ರು: 'ದೂರದ ಹಂಗೇರಿಯಲ್ಲಿ ನಮ್ಮ ಕೀರ್ತಿ ಬೆಳಗುತ್ತಿರುವ ಪ್ಲಾತೊನ್ ಅವರ ಪರವಾಗಿ ಈಗ ಮೊದಲ ಕಿಕ್ ಹೊಡೆಯಲಿರುವವರು... ಅವರ ಭಾವ!'

ಅಷ್ಟೇ. ಅವರ ಭಾವ. ಅಪ್ಪ ಅಮ್ಮ ಇಟ್ಟ ಹೆಸರು ಆ ಧ್ವನಿವರ್ಧಕದೊಳಗೆ ಸಿಕ್ಕಿಹಾಕಿಕೊಂಡಿತೋ ಏನೋ.

ನಡೆದು ಹೋದೆ. ಜನ ಎದ್ದು ನಿಂತು 'ಪ್ಲಾ-ತೊನ್! ಪ್ಲಾ-ತೊನ್!' ಎಂದು ಕೂಗುತ್ತಿದ್ದರು. ಚೆಂಡಿನ ಮುಂದೆ ನಿಂತಾಗ ನನಗೆ ಹೇಗಾಯಿತು ಎಂದರೆ, ಬಾಯಿ ತೆರೆದು 'ನಿಲ್ಸ್ರೋ! ಅವನು ನಾಲ್ಕನೇ ಮಹಡೀಲಿ ಒಂಟಿ ಕಾಲಲ್ಲಿ ಕೂತಿದಾನೆ, ಇಲ್ಲಿ ನಿಂತಿರೋನು ನಾನು, ದೊಮೆಂತಿ!' ಎಂದು ಕಿರುಚಿಬಿಡಬೇಕು ಎನಿಸಿತು. ಕಿರುಚಿದ್ದರೆ ಆ ಕೂಗು ಅಲ್ಲಿಗೇ ನಿಲ್ಲುತ್ತಿತ್ತು. ಅವರು ಅತ್ತು, ನಿನ್ನ ಫೋಟೋಕ್ಕೆ ಹೂವು ಹಾಕಿ, ಬದುಕಿರುವಾಗಲೇ ನಿನ್ನನ್ನು ಸತ್ತವರ ಸಾಲಿಗೆ ಸೇರಿಸುತ್ತಿದ್ದರು. ಆಮೇಲೆ ಕೊನೆಗೂ ನನ್ನ ಕಡೆ ತಿರುಗುತ್ತಿದ್ದರು.

ಒದ್ದೆ. ಎಡಗಾಲಲ್ಲಿ. ಎಷ್ಟು ಚೆನ್ನಾಗಿ ಹೋಯಿತು ಗೊತ್ತಾ! ಇಳಿಜಾರಲ್ಲ, ಏರಿನ ಕಡೆಗೇ, ಹಕ್ಕಿಯ ಹಾಗೆ. ಜೀವಮಾನದಲ್ಲಿ ಅಂಥದ್ದು ಹೊಡೆದಿರಲಿಲ್ಲ. ಜನ ಹುಚ್ಚೆದ್ದು ಮತ್ತೆ ನಿನ್ನ ಹೆಸರನ್ನೇ ಕೂಗಿದರು. ಕಾರ್ಲೋ ಓಡಿ ಬಂದು ನನ್ನನ್ನು ತಬ್ಬಿಕೊಂಡು, 'ಹಂಗೇರಿಗೆ ಕೇಳ್ಸಿರ್ಬೇಕು ಮಾವ!' ಅಂದ.

ಆಟ ಒಂದು-ಒಂದು ಗೋಲಿಗೆ ಸಮ. ನಮ್ಮ ಗೋಲು ಕಟ್ಟಿದ್ದು ಎಡಗಡೆಯಿಂದಲೇ. ಹೊಡೆದದ್ದು ಇನ್ನೊಬ್ಬ. ಆ ಎಡಗಡೆಯ ಹುಡುಗನ ಹತ್ತಿರ ಹೋಗಿ ಏನೋ ಹೇಳಬೇಕೆಂದುಕೊಂಡೆ, ಏನು ಹೇಳುವುದು?

ಈಗ ಕ್ಲಬ್ಬಿನ ಮುಂದಿನ ರಸ್ತೆಗೆ ನಿನ್ನ ಹೆಸರಿಡಬೇಕೆಂದು ಮಾತು ಎದ್ದಿದೆ. ಆ ರಸ್ತೆಯಲ್ಲಿ ನನ್ನ ಮನೆ ಇದೆ ಪ್ಲಾತೊನ್. ಇನ್ನು ಮೇಲೆ ನನಗೆ ಬರುವ ಕಾಗದದ ಮೇಲೆಲ್ಲ ನಿನ್ನ ಹೆಸರು.

ಉತ್ತರ ಬರಿ. ಬೈದಾದರೂ ಬರಿ.

ದೊಮೆಂತಿ


ರುಸ್ತಾವಿ
೨೨ ಏಪ್ರಿಲ್ ೧೯೯೦

ಪ್ರೀತಿಯ ಭಾವ,

ಕೋಪವಿಲ್ಲ. ಎರಡು ವಾರ ಜ್ವರವಿತ್ತು, ಈಗ ಬಿಟ್ಟಿದೆ.

ನಿಮ್ಮ ಎರಡೂ ಕಾಗದಗಳನ್ನು ಜ್ವರದಲ್ಲಿ ಓದಿದೆ. ಎಷ್ಟು ನಕ್ಕೆನೆಂದರೆ ಪಕ್ಕದ ಮನೆಯಾಕೆ ಅಳುತ್ತಿದ್ದೇನೆ ಎಂದುಕೊಂಡು ಓಡಿ ಬಂದಳು. ಓದಿ ಹೇಳಿದೆ. ಈಗ ಅವಳೂ ನನ್ನನ್ನು ಹಂಗೇರಿಯವರೇ ಎಂದು ಕರೆಯುತ್ತಾಳೆ.

ಕಿಟಕಿಯಿಂದ ಉಕ್ಕಿನ ಕಾರ್ಖಾನೆಯ ಚಿಮಣಿ ಕಾಣುತ್ತದೆ. ಮೊದಲು ಅದನ್ನೇ ನೋಡುತ್ತಿದ್ದೆ. ಈಗ ಆ ದಾನ್ಯೂಬ್ ನದಿಯ ದಂಡೆಯ ಮೈದಾನವನ್ನು ನೋಡುತ್ತೇನೆ. ಸಪಾಟು ಎಂದಿರಿ, ಸ್ವಲ್ಪ ಇಳಿಜಾರು ಇರಲಿ ಭಾವ, ಇಲ್ಲದಿದ್ದರೆ ನನಗೆ ಹೇಗೆ ಕಲಿಸುವುದೆಂದು ತಿಳಿಯುವುದಿಲ್ಲ.

ಐದು ಕೋಣೆಯ ಆ ಮನೆಗೆ ಮೆಟ್ಟಿಲುಗಳಿವೆಯೇ? ಇದ್ದರೆ ತೆಗೆಸಿಬಿಡಿ.

ಇನ್ನೂ ಬರೆಯಿರಿ. ಅಲ್ಲಿ ನಾನು ಹೇಗಿದ್ದೇನೆ?

ನಿಮ್ಮ
ಪ್ಲಾತೊನ್

ಇಲ್ಲ ಭಾವ, ನಾನು ಜಾರಿ ಬೀಳಲಿಲ್ಲ. ನೋಡಿಯೇ ಹೊಡೆದೆ. ಈಗ ಬನ್ನಿ ಜಗಳಕ್ಕೆ.


ಲಾಶೇತಿ
೪ ಮೇ ೧೯೯೦

ಎಲವೋ ಸುಳ್ಳುಗಾರ,

ಜಾರಿ ಬಿದ್ದೆ! ನಾನು ಕಣ್ಣಾರೆ ನೋಡಿದ್ದೇನೆ! ಇದನ್ನು ಕಾಗದದಲ್ಲಿ ತೀರಿಸಲು ಆಗುವುದಿಲ್ಲ.

ಮೆಟ್ಟಿಲು ತೆಗೆಸಿದೆ. ಮನೆ ನೆಲದ ಮೇಲೇ ಇದೆ, ಬಾಗಿಲಿಂದ ಮೈದಾನಕ್ಕೆ ನೇರ ದಾರಿ. ನೀನು ಅಲ್ಲಿ ಚೆನ್ನಾಗಿದ್ದೀ, ಸ್ವಲ್ಪ ದಪ್ಪಗಾಗಿದ್ದೀ. ಕಾರನ್ನು ವಾಪಸ್ ತೆಗೆದುಕೊಂಡರು. ಅದು ನಾನು ಮಾಡಿದ್ದು, ಸಹಿಸಲಾಗಲಿಲ್ಲ. ಒಂದೇ ತೊಂದರೆ: ನಿನ್ನ ತಂಡ ಗೆಲ್ಲುತ್ತಿಲ್ಲ. ಮೂರೂ ತಂಡಗಳಲ್ಲಿ ಎಡಗಡೆ ಆಡುವವರಿಗೆ ಚೆಂಡು ಕೊಡುವುದೇ ಗೊತ್ತಿಲ್ಲ. ನೀನು ತಲೆ ಕೆಡಿಸಿಕೊಂಡು ಹಂಗೇರಿಯವರಿಗೆ, 'ಇದು ನನ್ ಕೈಲಾಗಲ್ಲ, ಇದನ್ನ ಕಲಿಸಬಲ್ಲವನು ಜಗತ್ತಲ್ಲಿ ಒಬ್ಬನೇ, ನನ್ ಭಾವ' ಎಂದೆಯಂತೆ.

ಭಾನುವಾರ ಊಟದಲ್ಲಿ ಇದನ್ನು ಹೇಳಿದೆ. ಎರ್ಮಿಲೆಯ ಕೈಯಿಂದ ರೊಟ್ಟಿ ಬಿತ್ತು. 'ನಿನ್ನನ್ನ? ಹಂಗೇರಿಗೆ?' ಎಂದು ಕಾರ್ಲೋ ಕೇಳಿದ. ಅವನ ಮುಖ ಹೇಗಿತ್ತು ಗೊತ್ತಾ? ವಿನಿಗರ್ ಕುಡಿದವನ ಹಾಗೆ. ಅವನ ಹೆಂಡತಿ ಅವನ ಕಡೆ ತಿರುಗಿ, 'ನೋಡು, ಜನ ಎಲ್ಲೆಲ್ಲಿಗೆ ಹೋಗ್ತಾರೆ! ನೀನಿದೀಯ, ಕುರಿ ಕಾಲು ಕಡ್ಕೊಂಡು' ಅಂದಳು. ಪ್ಲಾತೊನ್, ಆ ಮುಖವನ್ನು ನೋಡುತ್ತಾ ನಾನು ಎರಡು ಕೊಂಬು ವೈನ್ ಕುಡಿದೆ. ಅಷ್ಟು ಸಿಹಿ ವೈನನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ.

ಗುರುವಾರದ ರೈಲಿಗೆ ಹೊರಡುತ್ತಿದ್ದೇವೆ, ಮಾಕ್ವಾಲಾ ಮತ್ತು ನಾನು. ಬೀಳ್ಕೊಡಲು ಊರೇ ನಿಲ್ದಾಣಕ್ಕೆ ಬರುತ್ತದಂತೆ, ತಂಡದ ಹುಡುಗರೂ ಬರುತ್ತಾರಂತೆ. ಅವಳು ನಿನ್ನ ಅಡುಗೆಮನೆ ನೋಡಿಕೊಳ್ಳುತ್ತಾಳೆ. ನಾನು ದಿನಾ ನಿನ್ನನ್ನು ಬೆನ್ನ ಮೇಲೆ ಹೊತ್ತು ಕೆಳಗಿಳಿಸುತ್ತೇನೆ. ಚಹಾ ಮೂಟೆ ಹೊತ್ತ ಬೆನ್ನು ಇದು, ನಿನಗಿಂತ ಭಾರದ್ದನ್ನು ಹೊತ್ತಿದೆ. ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸುತ್ತೇನೆ, ಎದುರಿಗೆ ನಾನು ಕೂರುತ್ತೇನೆ, ಜಾರಿ ಬಿದ್ದೆಯೋ ಇಲ್ಲವೋ ಎಂಬುದು ತೀರ್ಮಾನವಾಗುವವರೆಗೆ ಏಳುವುದಿಲ್ಲ. ಬೇಸಿಗೆ ಕಳೆದರೂ ಏಳುವುದಿಲ್ಲ.

ಹಂಗೇರಿಗೆಂದು ಹತ್ತಿ ರುಸ್ತಾವಿಯಲ್ಲಿ ಇಳಿಯುತ್ತೇವೆ. ಮೊನ್ನೆ ಮತ್ತೆ ಸಭೆ ಸೇರಿತ್ತು. ರಸ್ತೆಗೆ ಯಾರ ಹೆಸರಿಡುವುದು ಎಂದು ಈಗ ಅವರಿಗೇ ಗೊಂದಲವಂತೆ.

ದೊಮೆಂತಿ